ಶನಿವಾರದ ಆಟ

ನಾವು ಸರಕಾರಿ ಕಚೇರಿಯ ಕಾರಕೂನರು. ದಿನವೆಲ್ಲ ಬರೆಯುವುದೇ ನಮ್ಮ ಉದ್ಯೋಗ. ಆದರೆ ಬರೆದುದನ್ನು ಯಾರೂ ಪ್ರೀತಿಯಿಂದ ಓದುವುದಿಲ್ಲವೆಂಬ ಕೊರಗು ಬಹುಕಾಲದಿಂದ ಇದ್ದಿತು. ಆದುದರಿಂದ ನಮ್ಮ ಸಂಘದ ಸಂಪಾದಕರು, "ಮುಂದಿನ ಅಂಕಕ್ಕೆ ಮಕ್ಕಳಿಗಾಗಿ ಒಂದು ಕಥೆ ಬರೆದುಕೊಡಿರಿ, ನೀವು ಬಿ.ಎ. ಆದವರು" ಎಂದಾಗ ನಮಗೆ ಬಡ್ತಿ ಸಿಕ್ಕಷ್ಟು ಸಂತೋಷವಾಯಿತು. ಬರೆಯಲು ಕುಳಿತ ಮೇಲೆಯೇ ತಿಳಿದದ್ದು, ಮಕ್ಕಳ ಕಥೆಗಿಂತ ಪಗಾರದ ಬಿಲ್ಲು ಬರೆಯುವುದು ಸುಲಭವೆಂದು.

ವಿಷಯವನ್ನು ಕೊಟ್ಟವಳು ನಮ್ಮ ಮಗಳು. ನಮ್ಮ ಮನೆ ಇರುವುದು ಪುಣೆಯ ರಾಸ್ತಾ ಪೇಟೆಯಲ್ಲಿ. ಮೇಲಿನ ಮಹಡಿಯಲ್ಲಿ ಒಂದು ಬೆನೆ ಇಸ್ರೇಲ್ ಕುಟುಂಬ. ಯಹೂದಿಗಳು, ಮನೆಮಾತು ಮರಾಠಿ, ಅಡ್ಡಹೆಸರಿನಲ್ಲಿ ಕೊಂಕಣದ ಒಂದು ಹಳ್ಳಿಯ ಹೆಸರು, ಅದರ ಬಾಲಕ್ಕೊಂದು 'ಕರ'. ಆ ಮನೆಯ ಮೊಮ್ಮಗಳು ನಮ್ಮವಳ ವಾರಿಗೆಯವಳು. ಒಂದು ಸಂಜೆ ಮೇಲಿನಿಂದ ಇಳಿದು ಬಂದವಳೆ ನಮ್ಮ ಮಗಳು ಕೇಳಿದಳು: "ಅಪ್ಪಾ, ನನ್ನ ಪುಸ್ತಕದಾಗ ರಾಜಾ ಇದ್ದಾನ, ಋಷಿ ಇದ್ದಾನ, ಮಾತಾಡೋ ಗಿಳಿನೂ ಅದ. ಮ್ಯಾಲಿನ ಮನಿಯವರು ಯಾಕ ಇಲ್ಲ?"

ಈ ಪ್ರಶ್ನೆಗೆ ನಮ್ಮ ಯಾವ ಫೈಲಿನಲ್ಲಿಯೂ ಉತ್ತರವಿರಲಿಲ್ಲ. ಬರೆಯುವುದೆಂದು ನಿರ್ಧರಿಸಿದೆವು.

ಮುಂದಿನ ರವಿವಾರ ಮಗಳ ಕೈಹಿಡಿದು ಕ್ಯಾಂಪಿಗೆ ಹೋಗಿ ಲಾಲ್ ದೇವಳವನ್ನು ಹೊರಗಿನಿಂದ ನೋಡಿ ಬಂದೆವು. ಕೆಂಪು ಇಟ್ಟಿಗೆಯ ಎತ್ತರದ ಗೋಪುರವನ್ನು ಕಂಡು ಇದು ಇಗರ್ಜಿಯೆಂದೇ ನಾವು ಎಷ್ಟೋ ವರ್ಷ ತಿಳಿದಿದ್ದೆವು. ಅದು ಓಹೆಲ್ ಡೇವಿಡ್ ಎಂಬ ಯಹೂದಿ ಪ್ರಾರ್ಥನಾ ಮಂದಿರ. ಬಾಗ್ದಾದಿನಿಂದ ಮುಂಬಯಿಗೆ ಬಂದು ದೊಡ್ಡ ವ್ಯಾಪಾರಿಯಾದ ಡೇವಿಡ್ ಸಸೂನರು 1863ರಲ್ಲಿ ಕಟ್ಟಿಸಲು ತೊಡಗಿದರು. ಮರುವರ್ಷ ಪುಣೆಯಲ್ಲಿಯೇ ತೀರಿಕೊಂಡರು. ಕಟ್ಟಡ ಮುಗಿದದ್ದು 1867ರಲ್ಲಿ. ಅವರ ಸಮಾಧಿ ಅದೇ ಆವರಣದಲ್ಲಿದೆ. ನಮ್ಮ ಮೇಲಿನ ಮನೆಯವರು ಮಾತ್ರ ಬಾಗ್ದಾದಿನವರಲ್ಲ. ಅವರ ಪ್ರಾರ್ಥನೆಯ ಮನೆ ನಮ್ಮ ಪೇಟೆಯಲ್ಲಿಯೇ ಇರುವ, 1921ರ ಸುಕ್ಕತ್ ಶೆಲೋಮೋ. ಅದರ ಮುಂದೆ ನಾವು ದಿನಾಲು ಕಾಯಿಪಲ್ಲೆಯ ಚೀಲ ಹಿಡಿದು ಹಾಯ್ದುಹೋಗುತ್ತಿದ್ದೆವು.

ಮೊದಲನೆಯ ಕರಡು ಸಿದ್ಧವಾಯಿತು. ಬೆನೆ ಇಸ್ರೇಲರ ಐತಿಹ್ಯದಂತೆ, ಎಷ್ಟೋ ಶತಮಾನಗಳ ಹಿಂದೆ ಅಲಿಬಾಗದ ಹತ್ತಿರ ನವಗಾಂವದ ದಂಡೆಯಲ್ಲಿ ಹಡಗೊಡೆದು, ಏಳು ಗಂಡಸರೂ ಏಳು ಹೆಂಗಸರೂ ಬದುಕುಳಿದರು. ಕೊಂಕಣದಲ್ಲಿ ಗಾಣ ಹಾಕಿ ಎಣ್ಣೆ ತೆಗೆದರು. ಶನಿವಾರ ಗಾಣ ಹೂಡುತ್ತಿರಲಿಲ್ಲವಾದ್ದರಿಂದ ಜನರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಇದನ್ನೆಲ್ಲ ನಾವು ಕಣ್ಣೀರಿನಲ್ಲಿ ಅದ್ದಿ ಬರೆದೆವು. ಪುಟಕ್ಕೊಬ್ಬರು ಮುಳುಗಿದರು, ಉಳಿದವರು ಅತ್ತರು. ಬರೆದಾದ ಮೇಲೆ ಮೇಲಿನ ಮನೆಯ ಅಜ್ಜಿಯ ಮುಂದೆ ಕುಳಿತು ಮರಾಠಿಯಲ್ಲಿ ಹೇಳಿದೆವು.

ಅಜ್ಜಿ ಪೂರಾ ಕೇಳಿದರು. ನಮ್ಮ ಸಾಹೇಬರಿಗಿಂತ ಸೌಮ್ಯವಾಗಿ, ಆದರೆ ಅವರಿಗಿಂತ ಹೆಚ್ಚು ತಪ್ಪು ತೋರಿಸಿದರು. "ಬಾಳಾ, ನಿನ್ನ ಹುಡುಗ ಮಟನ್ ಉಂಡು ಹಾಲಿನ ಖೀರು ಕುಡಿಯುತ್ತಾನೆ. ಮಾಂಸದ ಊಟಕ್ಕೆ ನಾವು ಹಾಲು ಕೂಡಿಸುವುದಿಲ್ಲ. ತೆಂಗಿನ ಹಾಲು ಹಾಕುತ್ತೇವೆ. ಇನ್ನು ನಿನ್ನ ಶಬ್ಬಾಥ್ ಶನಿವಾರ ಬೆಳಗಿಗೆ ಶುರುವಾಗುತ್ತದೆ. ನಮ್ಮದು ಶುಕ್ರವಾರ ಹೊತ್ತು ಮುಳುಗುವಾಗಲೇ ಬಂದಿರುತ್ತದೆ." ಸ್ವಲ್ಪ ತಡೆದು ಮತ್ತೆ ಕೇಳಿದರು: "ನಿನ್ನ ಕಥೆಯಲ್ಲಿ ಎಲ್ಲರೂ ಅಳುತ್ತಾರಲ್ಲ, ನಾವು ಜಗಳಾಡುವುದಿಲ್ಲವೆ? ನಗುವುದಿಲ್ಲವೆ?"

ಕಡತ 'ತಿದ್ದಿ ಮರಳಿ ಮಂಡಿಸಿರಿ' ಎಂಬ ಷರಾದೊಡನೆ ಹಿಂದಿರುಗಿತು.

ಅಷ್ಟರಲ್ಲಿ ಸಂಪಾದಕರ ಆಕ್ಷೇಪವೂ ಬಂದಿತು: "ಇದರಲ್ಲಿ ಕನ್ನಡದ್ದೇನಿದೆ?" ಅದಕ್ಕೆ ಉತ್ತರ ನಮ್ಮಲ್ಲಿದ್ದಿತು. ಮುಂಬಯಿಯಲ್ಲಿ 1796ರಲ್ಲಿ ಬೆನೆ ಇಸ್ರೇಲರ ಮೊದಲ ಮಂದಿರವನ್ನು ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರರು ಕಂಪನಿಯ ಸೈನ್ಯದಲ್ಲಿದ್ದವರು. ಮೈಸೂರಿನ ಯುದ್ಧದಲ್ಲಿ ಟಿಪ್ಪೂ ಸುಲ್ತಾನನ ಸೆರೆಯಾಳಾದವರು. ಬನಿ ಇಸ್ರಾಯಿಲ್ ಎಂಬ ಹೆಸರು ಖುರಾನಿನಲ್ಲಿ ಬರುವುದನ್ನು ಬಲ್ಲ ಸುಲ್ತಾನನ ತಾಯಿಯೇ ಅವರನ್ನು ಉಳಿಸಿದಳೆಂದು ಅವರಲ್ಲಿ ಹೇಳಿಕೆ. ಆ ಮಂದಿರವನ್ನು ಜನರು ಮಶೀದಿಯೆಂದು ಕರೆದದ್ದರಿಂದಲೇ ಮುಂಬಯಿಯ ಮಸ್ಜಿದ್ ರೈಲು ನಿಲ್ದಾಣಕ್ಕೆ ಆ ಹೆಸರು ಬಂದಿತೆನ್ನುತ್ತಾರೆ. ಕನ್ನಡ ನಾಡಿನ ಒಬ್ಬ ತಾಯಿಯ ಮಾತಿನಿಂದ ಉಳಿದ ಯಹೂದಿ ಕನ್ನಡದ ಮಕ್ಕಳಿಗೆ ಪರಕೀಯನೇ? ಸಂಪಾದಕರು ಒಪ್ಪಿದರು. ಇಷ್ಟೇ ಅಲ್ಲ, ಅಬ್ರಹಾಮ, ಯೋಸೇಫರ ಕಥೆಗಳನ್ನು ಈ ಜನರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮರಾಠಿ ಕೀರ್ತನೆಗಳಾಗಿ ಹಾಡಿದವರು. ನಮ್ಮ ಹರಿಕಥೆಯ ನೆಂಟರೆನ್ನಿರಿ.

ಎರಡನೆಯ ಕರಡು ಭರದಿಂದ ಸಾಗಿದ್ದಾಗ ನಡೆದ ಒಂದು ಮಾತನ್ನು ವಾಚಕರ ಮುಂದೆ ಮುಚ್ಚಿಡಲಾರೆವು. ಒಂದು ಸಂಜೆ ಕಚೇರಿಯಿಂದ ಬರುತ್ತ ಮೆಟ್ಟಿಲ ಮೇಲೆ ಅಜ್ಜಿ ಸಿಕ್ಕರು. ತಡವೇಕೆಂದು ಕೇಳಿದರು. ನಾವು ನಗುತ್ತ, "ಹೊಸ ಸಾಹೇಬರು ಅಂದರೆ ಹಿಟ್ಲರನೇ ಆಜಿ, ಅಂಥವರಿದ್ದರೇನೇ ಕೆಲಸ ನಡೆಯುವುದು" ಎಂದೆವು. ಇಡಿಯ ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತು. ಅಜ್ಜಿ ಏನೂ ಹೇಳಲಿಲ್ಲ. ಕಠಡಾ ಹಿಡಿದು ಮೆಲ್ಲನೆ ಮೇಲೆ ಹೋದರು. ನಮ್ಮ ಹಿಂದೆ ನಿಂತಿದ್ದ ಮಗಳು, "ಹಿಟ್ಲರ ಅಂದ್ರ ಛಲೋ ಮನಷ್ಯಾ ಏನಪಾ?" ಎಂದು ಕೇಳಿದಳು.

ಅಂದು ರಾತ್ರಿ ನಮಗೆ ಊಟ ರುಚಿಸಲಿಲ್ಲ. ಯಹೂದಿಗಳ ಮೇಲೆ ಕಥೆ ಬರೆಯುತ್ತಿರುವವರು ನಾವೇ; ಆ ಹೆಸರನ್ನು ಹೊಗಳಿಕೆಯಾಗಿ ಬಳಸಿದವರೂ ನಾವೇ. ನಾಜಿಗಳು ಯುರೋಪಿನಲ್ಲಿ 60 ಲಕ್ಷ ಯಹೂದಿಗಳನ್ನು ಕೊಂದರು. ಅವರಲ್ಲಿ ಸುಮಾರು 15 ಲಕ್ಷ ಮಕ್ಕಳು. ಪರೀಕ್ಷೆಗಾಗಿ ಇದನ್ನು ಓದಿದ್ದೆವು. ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆವು. ಹತ್ತು ವರ್ಷದ ಮಗುವಿಗೆ ಈ ಅಂಕಿಯನ್ನು ಹೇಗೆ ಹೇಳುವುದು? 60 ಲಕ್ಷವೆಂಬುದು ಅದರ ಪಾಲಿಗೆ ಸೊನ್ನೆಗಳ ಸಾಲು. ಆನ್ ಫ್ರಾಂಕ್ ಎಂಬ ಹುಡುಗಿಯ ನೆನಪಾಯಿತು. 1942ರಲ್ಲಿ ಅವಳ ಹದಿಮೂರನೆಯ ಹುಟ್ಟುಹಬ್ಬಕ್ಕೆ ಒಂದು ದಿನಚರಿ ಪುಸ್ತಕ ಸಿಕ್ಕಿತು. ಎರಡು ವರ್ಷ ಆಂಸ್ಟರ್‌ಡಾಂನಲ್ಲಿ ಅಡಗಿದ್ದು ಅದರಲ್ಲಿ ಬರೆದಳು. 1945ರಲ್ಲಿ ನಾಜಿಗಳ ಸೆರೆ ಶಿಬಿರದಲ್ಲಿ ಸತ್ತಳು. ತಂದೆ ಅದನ್ನು 1947ರಲ್ಲಿ ಅಚ್ಚು ಹಾಕಿಸಿದರು. ಅವಳೂ ತಾಯಿಯೊಡನೆ ಜಗಳಾಡಿದ್ದಾಳೆ, ನಗೆಚಾಟಿಕೆ ಮಾಡಿದ್ದಾಳೆ. ಅದಕ್ಕೇ ಅವಳು ಮನಸ್ಸಿನಲ್ಲಿ ಉಳಿಯುತ್ತಾಳೆ. ಮಗಳಿಗೆ ಅವಳ ವಿಷಯವನ್ನು ಅಂದೇ ಹೇಳಿದೆವು. ಮರುದಿನ ಮೇಲೆ ಹೋಗಿ ಅಜ್ಜಿಯ ಕ್ಷಮೆ ಬೇಡಿದೆವು. "ನಮಗೆ ಈ ದೇಶದಲ್ಲಿ ಯಾರೂ ಏನೂ ಮಾಡಲಿಲ್ಲ, ಬಾಳಾ. ಆದರೂ ಆ ಹೆಸರು ಕೇಳಿದರೆ ಕಾಲು ನಡುಗುತ್ತದೆ" ಎಂದಷ್ಟೇ ಹೇಳಿ, ಮಲಿದಾದ ತಟ್ಟೆಯನ್ನು ಮುಂದಿಟ್ಟರು. ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ ಕೂಡಿಸಿ, ಹಣ್ಣುಗಳನ್ನಿಟ್ಟು, ಎಲಿಯಾಹು ಪ್ರವಾದಿಯ ಹೆಸರಿನಲ್ಲಿ ಮಾಡುವ ನೈವೇದ್ಯವದು.

ಮೂರನೆಯ ಕರಡಿನಲ್ಲಿ ಹಡಗೊಡೆಯಲಿಲ್ಲ. ರಾಸ್ತಾ ಪೇಟೆಯ ಒಬ್ಬ ಹುಡುಗ, ಶನಿವಾರ ಬಂದ ಕ್ರಿಕೆಟ್ ಪಂದ್ಯ. ಗೆಳೆಯರು ಅವನಿಗಾಗಿ ಪಂದ್ಯವನ್ನು ರವಿವಾರಕ್ಕೆ ಮುಂದೂಡಿದರೆಂದು ಮುಗಿಸಿದೆವು. ಅಜ್ಜಿ ನಕ್ಕರು. "ಯಾರು ಮುಂದೂಡುತ್ತಾರೆ? ನನ್ನ ಅಣ್ಣನಿಗೂ ಹೀಗೇ ಆಗಿತ್ತು. ಅವನು ಆಡಲಿಲ್ಲ. ಗೋಡೆಯ ಮೇಲೆ ಕುಳಿತು ರನ್ನು ಎಣಿಸಿದ. ಶಬ್ಬಾಥಿನಂದು ಬರೆಯುವ ಹಾಗಿಲ್ಲ, ಎಲ್ಲವನ್ನೂ ಬಾಯಿಪಾಠವಿಟ್ಟುಕೊಂಡ. ಆಕಾಶದಲ್ಲಿ ಮೂರು ಚುಕ್ಕಿ ಮೂಡಿದ ಮೇಲೆ ಪೆನ್ಸಿಲ್ಲು ಹಿಡಿದ." ನಮಗೆ ಕಥೆ ಸಿಕ್ಕಿತು. ನಾವು ಮಾಡಿದ್ದು ಪ್ರತಿ ತೆಗೆಯುವ ಕೆಲಸ ಮಾತ್ರ.

ಅಂಕ ಕೈಸೇರುವ ಹೊತ್ತಿಗೆ ಮೇಲಿನ ಮನೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದರು. 1948ರ ತರುವಾಯ ಬೆನೆ ಇಸ್ರೇಲರಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋಗಿಬಿಟ್ಟಿದ್ದಾರೆ; ಈಗ ಇಲ್ಲಿ ಉಳಿದವರು ಕೆಲವೇ ಸಾವಿರ. ಮಗ ಅಲ್ಲಿ ಕೆಲಸ ಹಿಡಿದಿದ್ದರಿಂದ ಅಜ್ಜಿಯೂ ಹೊರಟಿದ್ದರು. ಹೊರಡುವ ಮುನ್ನಾದಿನ ನಮ್ಮ ಮಗಳು ಮೆಟ್ಟಿಲ ಮೇಲೆ ಕುಳಿತು, ಕನ್ನಡದಲ್ಲಿ ಒಂದು ವಾಕ್ಯ ಓದಿ ಮರಾಠಿಯಲ್ಲಿ ಅದರ ಅರ್ಥ ಹೇಳುತ್ತ, ಇಡಿಯ ಕಥೆಯನ್ನು ಗೆಳತಿಗೆ ಕೇಳಿಸಿದಳು. ಗೆಳತಿ ಕೇಳಿದಳು: "ರನ್ನು ಎಷ್ಟಾಗಿತ್ತು?"

ನಾವು ಅದನ್ನು ಬರೆಯಲು ಮರೆತಿದ್ದೆವು. ಒಳಗಿನಿಂದ ಅಜ್ಜಿಯ ದನಿ ಬಂದಿತು: "ನೂರಾ ಹನ್ನೊಂದು. ಏಳು ವಿಕೆಟ್."

ವಾಚಕರು ದಯವಿಟ್ಟು ಹಿಂದಿನ ಅಂಕದ ನಮ್ಮ ಕಥೆಯಲ್ಲಿ ಇದನ್ನು ಸೇರಿಸಿಕೊಂಡು ಓದಬೇಕಾಗಿ ಬಿನ್ನಹ.