ಪೆನ್‌ಡ್ರೈವ್ ಸಾಕಂತೆ!

ಈಗಷ್ಟೇ ಪುಣೆಯ ಕೋಥ್ರೂಡಿನ ಒಂದು ಕನ್ನಡದ ಮನೆಯಿಂದ ಹೊರಬಿದ್ದೆ. ಮದುವೆ ಹುಡುಗನದು ಒಂದೇ ಮಾತು: "ಆಲ್ಬಮ್ ಯಾಕ್ರಿ ಸರ್, ಪೆನ್‌ಡ್ರೈವ್ ಕೊಡ್ರಿ ಸಾಕು." ವಾದಿಸಲಿಲ್ಲ. ಬಿಚ್ಚಿದರೆ 12×36 ಇಂಚಾಗುವ ಸ್ಯಾಂಪಲ್ ಕರಿಜ್ಮಾ ಆಲ್ಬಮ್ ತೆಗೆದು ಅಜ್ಜಿಯ ತೊಡೆ ಮೇಲಿಟ್ಟೆ. ಯಾರದೋ ಮದುವೆ, ಆದರೂ ಕನ್ನಡಕ ಏರಿಸಿ ಒಂದೊಂದೇ ಹಾಳೆ ಸವರಿದರು. ಸೆರಗಿನ ಹತ್ತಿರ ಬೆರಳು ನಿಂತಿತು: "ಇದು ಇಳಕಲ್ ಸೀರಿ ಹೌದಲ್ಲೋ?" ಅಲ್ಲಿಗೆ ಆರ್ಡರ್ ಪಕ್ಕಾ! ಎರಡು ಪ್ರತಿ, ಒಂದು ಧಾರವಾಡದ ಬೀಗರಿಗೆ.

ನಾವು ಸುಮ್ಮನೆ ಮದುಮಕ್ಕಳ ವಾಟ್ಸಾಪಿಗೆ ರೇಟ್ ಕಾರ್ಡ್ ಕಳಿಸ್ತಾ ಕೂರ್ತೀವಿ. ಆಲ್ಬಮ್ ಬೇಕು ಅನ್ನೋರು ಮನೆಯಲ್ಲಿ ಬೇರೆಯವರೇ ಇರ್ತಾರೆ. (ಪಿಡಿಎಫ್‌ನಲ್ಲಿ ಹಾಳೆಯ ದಪ್ಪ ಗೊತ್ತಾಗುತ್ತಾ?)

ಪುಣೆ, ಹುಬ್ಬಳ್ಳಿ ಕಡೆಯ ಫೋಟೋಗ್ರಾಫರ್ ಗೆಳೆಯರೇ, ನೀವು ಆಲ್ಬಮನ್ನ ಪ್ಯಾಕೇಜಿನಲ್ಲೇ ಸೇರಿಸ್ತೀರಾ, ಬೇರೆ ರೇಟ್ ಹೇಳ್ತೀರಾ?