ಮಾಗಿಗೆ ಮುಂಚಿನ ಮನೆಗೆಲಸ

ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಮನೆಯನ್ನು ಚಳಿಗಾಲಕ್ಕೆ ಅಣಿ ಮಾಡುವ ಕೆಲಸ ಪಿತೃಪಕ್ಷದ ಸುಣ್ಣ-ಸಾರಣೆಯಿಂದ ಶುರುವಾಗಿ ರಾಗಿ ಮೆದೆ ಏಳುವವರೆಗೆ ನಡೆಯುತ್ತದೆ. ಹಾಸನ ಪಟ್ಟಣ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವಕ್ಕೆ ತಾಪಮಾನ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆದರೆ ಮನೆಗೆ ಚಳಿಗಿಂತ ತೇವದ ಕಾಟವೇ ಹೆಚ್ಚು. ಹಸ್ತ, ಚಿತ್ತೆ, ಸ್ವಾತಿ ಮಳೆಗಳು ನವೆಂಬರ್ ಮೊದಲ ವಾರದವರೆಗೂ ಗೋಡೆ ನೆನೆಸುತ್ತವೆ. ಅವು ತೆರವಾದ ಬೆನ್ನಿಗೇ ಇಬ್ಬನಿ ಸುರಿಯತೊಡಗುತ್ತದೆ. ಈ ನಡುವೆ ಬಿಟ್ಟು ಬಿಟ್ಟು ಬರುವ ಬಿಸಿಲಿನಲ್ಲೇ ಮನೆ ಒಣಗಬೇಕು.

ಸೂರಿನ ದೊಡ್ಡ ಕೆಲಸ ಮುಂಗಾರಿಗೆ ಮೊದಲೇ ಮುಗಿದಿರುತ್ತದೆ. ಈಗ ಉಳಿದಿರುವುದು ಕೋತಿಗಳು ಸರಿಸಿದ ನಾಡಹೆಂಚನ್ನು ಮತ್ತೆ ಜೋಡಿಸುವುದು, ಹೆಂಚಿನ ಸಂದಿನಲ್ಲಿ ಕೊಳೆತ ಎಲೆ ತೆಗೆಯುವುದು, ಪಾಚಿ ಕಟ್ಟಿದ ಗಾಜಿನ ಹೆಂಚನ್ನು ಇಳಿಸಿ ತೊಳೆಯುವುದು. ಈ ಕೊನೆಯದನ್ನು ಹಲವರು ಮರೆಯುತ್ತಾರೆ. ಮಾಗಿಯ ಮಂಕು ಬೆಳಗಿನಲ್ಲಿ ನಡುಮನೆಗೆ ಬೀಳುವ ಬೆಳಕೆಲ್ಲ ಆ ಒಂದು ಗೇಣಿನ ಗಾಜಿನಿಂದಲೇ ಬರಬೇಕು.

ಗೋಡೆಗೆ ಸುಣ್ಣ. ಸುಟ್ಟ ಸುಣ್ಣದ ಕಲ್ಲನ್ನು ಹಿಂದಿನ ದಿನವೇ ಮಣ್ಣಿನ ಬಾನಿಗೆ ಹಾಕಿ ನೀರು ಹೊಯ್ಯುತ್ತಾರೆ. ಒಲೆಯೇ ಇಲ್ಲದೆ ನೀರು ಕೊತಕೊತ ಕುದಿಯುತ್ತದೆ, ಹಬೆ ಏಳುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಈ ಕೆಲಸ ಮಾಡಿದರೆ ಬಕೆಟ್ಟೇ ಸೊಟ್ಟಗಾಗುತ್ತದೆ. ಮಕ್ಕಳನ್ನು ಹತ್ತಿರ ಬಿಡುವಂತಿಲ್ಲ. ಆರಿದ ಮೇಲೆ ಸೋಸಿ, ಚಿಟಿಕೆ ನೀಲಿ ಬೆರೆಸಿ ಬಳಿದರೆ ಗೋಡೆ ಮೊದಲು ಮಾಸಲಾಗಿ ಕಂಡು, ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ಸುಣ್ಣದ ಖಾರಕ್ಕೆ ಬೂಸ್ಟು ನಿಲ್ಲುವುದಿಲ್ಲ. ಜೊತೆಗೆ ಗೋಡೆ ಉಸಿರಾಡುತ್ತದೆ: ಮಳೆಗಾಲದಲ್ಲಿ ಮಣ್ಣು ಹೀರಿದ ನೀರು ಸುಣ್ಣದ ಪದರದ ಮೂಲಕ ಆರಿಹೋಗುತ್ತದೆ. ಹಳೆಯ ಮಣ್ಣುಗೋಡೆಗೆ ಪ್ಲಾಸ್ಟಿಕ್ ಬಣ್ಣ ಹೊಡೆಸಿದರೆ ಆ ತೇವ ಒಳಗೇ ಸಿಕ್ಕಿಕೊಂಡು, ಸಂಕ್ರಾಂತಿಯ ಹೊತ್ತಿಗೆ ಬಣ್ಣ ಹಪ್ಪಳದಂತೆ ಏಳುತ್ತದೆ. ಮಣ್ಣಿನ ಮನೆಗೆ ಸುಣ್ಣವೇ ಸರಿ.

ಹಾಸನಾಂಬೆಯ ಗುಡಿಯ ಬಾಗಿಲು ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ತೆರೆಯುತ್ತದೆ. ಅಲ್ಲಿ ದರ್ಶನದ ಸಾಲು ಬೆಳೆಯುತ್ತಿರುವಾಗಲೇ ಊರೂರಿನ ಬಚ್ಚಲುಮನೆಗಳಲ್ಲಿ ಹಂಡೆ ತಿಕ್ಕುವ ಸದ್ದು ಕೇಳಿಸುತ್ತದೆ. ದೀಪಾವಳಿಯ ಮೊದಲ ದಿನ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಕೆಮ್ಮಣ್ಣು-ಸುಣ್ಣದ ಪಟ್ಟೆ ಎಳೆದು, ಕಂಠಕ್ಕೆ ಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತಾರೆ. ಇದು ಪೂಜೆಯೂ ಹೌದು, ದುರಸ್ತಿಯೂ ಹೌದು. ಚನ್ನರಾಯಪಟ್ಟಣದ ಕಡೆಯ ಗಡಸು ಬೋರ್‌ವೆಲ್ ನೀರು ಕಾದು ಕಾದು ಹಂಡೆಯ ಒಳಗೆ ಬಿಳಿ ಹೊಪ್ಪಳೆ ಕಟ್ಟಿರುತ್ತದೆ. ಅದು ದಪ್ಪವಾದಷ್ಟೂ ನೀರು ಕಾಯುವುದು ನಿಧಾನ, ಸೌದೆ ದಂಡ. ಹುಣಸೆಯ ಹುಳಿ ಅದನ್ನು ಸಡಿಲಿಸುತ್ತದೆ. ಒಲೆಯ ಬಿರುಕಿಗೆ ಮಣ್ಣು ಮೆತ್ತಿ, ಬೂದಿ ಎತ್ತಿ, ಹೊಗೆಗಿಂಡಿಯ ಮಸಿ ಕೆರೆಯುವುದೂ ಅದೇ ದಿನ. ಚಳಿಗಾಲದುದ್ದಕ್ಕೂ ಮನೆಯಲ್ಲಿ ಮೊದಲು ಹೊತ್ತಿ ಕಡೆಗೆ ಆರುವ ಬೆಂಕಿ ಈ ಒಲೆಯದೇ.

ಅದರ ಉರುವಲು ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆ. ಚನ್ನರಾಯಪಟ್ಟಣದಲ್ಲಿ ತೆಂಗಿನದೇ ಎಲ್ಲ: ಗರಿ, ಎಡಮಟ್ಟೆ, ಕರಟ, ಸಿಪ್ಪೆ. ಅರಕಲಗೂಡಿನ ಕಡೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳು ಮಳೆಗಾಲವಿಡೀ ಸೌದೆ ನುಂಗುತ್ತವೆ. ಮನೆಯ ಪಾಲನ್ನು ಮೊದಲೇ ತೆಗೆದಿಡದಿದ್ದರೆ ಕಾರ್ತಿಕದಲ್ಲಿ ಬಚ್ಚಲಿಗೆ ಸೌದೆ ಇರುವುದಿಲ್ಲ. ಯಾವ ಉರುವಲಾದರೂ ನೆಲ ಬಿಟ್ಟು ಅಟ್ಟಣೆಯ ಮೇಲೆ ಒಟ್ಟಬೇಕು. ನೆಲದ ಮೇಲೆ ಒಟ್ಟಿದ್ದು ಗೆದ್ದಲಿನ ಪಾಲು.

ಹೊದಿಕೆಗಳಿಗೆ ಎರಡು ಮೂರು ದಿನದ ಬಿಸಿಲು ಸಾಕು. ದುಪ್ಪಟಿ ಒಗೆಯಬಹುದು, ಕುರಿಯ ಉಣ್ಣೆಯ ಕಂಬಳಿಯನ್ನು ಬಿಸಿಲಿಗೆ ಹರಡಿ, ಕೋಲಿನಿಂದ ತಟ್ಟಿ, ಒಣಬೇವಿನ ಸೊಪ್ಪಿನೊಡನೆ ಮಡಿಚಿದರಾಯಿತು. ಹೆಚ್ಚು ಒಗೆದ ಕಂಬಳಿ ಬೆಚ್ಚಗೂ ಇರುವುದಿಲ್ಲ, ಇಬ್ಬನಿಯನ್ನೂ ತಡೆಯುವುದಿಲ್ಲ.

ಕೊನೆಯ ಕೆಲಸ ಹಿತ್ತಲಿನದು. ಕೊಯ್ದ ರಾಗಿಯನ್ನು ಕಂತೆ ಕಟ್ಟಿ ಮೆದೆ ಒಟ್ಟುತ್ತಾರೆ. ತೆನೆ ಒಳಮುಖ, ಕಡ್ಡಿಯ ಬುಡ ಹೊರಮುಖ. ನಡು ಯಾವಾಗಲೂ ಅಂಚಿಗಿಂತ ಒಂದು ಕೈ ಎತ್ತರ. ಆಗ ಪ್ರತಿ ಕಂತೆಯೂ ಹೊರಕ್ಕೆ ವಾಲುತ್ತದೆ, ಬಂಗಾಳ ಕೊಲ್ಲಿಯ ಸೈಕ್ಲೋನಿನ ಮಳೆ ಬಂದರೂ ನೀರು ಕಡ್ಡಿ ಹಿಡಿದು ಹೊರಗೇ ಇಳಿಯುತ್ತದೆ. ಚೆನ್ನಾಗಿ ಒಟ್ಟಿದ ಮೆದೆಯೊಳಗೆ ಕೈ ಇಟ್ಟರೆ ಬೆಚ್ಚಗೆ, ಗರಿಗರಿಯಾಗಿರುತ್ತದೆ. ಒಟ್ಟಲು ಬಲ್ಲವರು ಈಗ ಊರಿಗೆ ಒಬ್ಬಿಬ್ಬರು. ಅವರಿರುವಾಗಲೇ ಕಲಿಯಬೇಕಾದ ವಿದ್ಯೆ ಇದು.

ಈ ಸಿದ್ಧತೆಯಲ್ಲಿ ಬಿಸಿಲು ಬಿದ್ದಿತೇ, ಗಾಳಿ ಆಡಿತೇ ಎಂದೇ ಎಲ್ಲ ಕಡೆ ನೋಡುತ್ತಾರೆ. ಆದರೆ ಚಳಿ ಬಲಿತ ಮೇಲೆ ಬಾಗಿಲು, ಕಿಟಕಿ, ಬೆಳಕಿಂಡಿಗೆಲ್ಲ ಗೋಣಿತಾಟು ತುರುಕುವುದು ಕೆಲವು ಮನೆಗಳ ರೂಢಿ. ಬಾಣಂತಿ, ಕೂಸು, ವಯಸ್ಸಾದವರು ಮಲಗುವ ಕೋಣೆಗೆ ಕೆಂಡದ ಬಾಣಲೆ ತಂದಿಡುವುದೂ ಉಂಟು. ಮುಚ್ಚಿದ ಕೋಣೆಯ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ; ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಪಟ್ಟಣದ ಕಿರಿದಾದ ಬಚ್ಚಲಿನ ಗ್ಯಾಸ್ ಗೀಸರಿನ ಅಪಾಯವೂ ಇದೇ. ಕೋಣೆ ಬೆಚ್ಚಗಾಗಲಿ, ಆದರೆ ಕೆಂಡವನ್ನು ಹೊರಗಿಟ್ಟು ಮಲಗಿ. ಬಚ್ಚಲಿನ ಗಾಳಿಗಿಂಡಿಯನ್ನು ಎಂಥ ಚಳಿಯಲ್ಲೂ ಮುಚ್ಚಬೇಡಿ.