ತಂಪಾಗುವ ದೇಹ, ಅರಿವಳಿಕೆಯ ಮದ್ದು

ಮನೆಯವರಿಗೆ ಆಪರೇಶನ್ ಎಂದಾಗ ಸರ್ಜನ್ ಯಾರೆಂದು ನಾವೆಲ್ಲರೂ ವಿಚಾರಿಸುತ್ತೇವೆ. ಅರಿವಳಿಕೆ ಕೊಡುವ ಡಾಕ್ಟರ್ ಯಾರೆಂದು ಕೇಳುವವರು ವಿರಳ.

ಹಳೇಬೀಡಿನಲ್ಲಿರುವ ನನ್ನ ಭಾವನಿಗೆ ಹೃದಯದಿಂದ ಹೊರಡುವ ಮಹಾಧಮನಿ ಉಬ್ಬಿದೆಯೆಂದು ಗೊತ್ತಾದಾಗ ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು. "ದೇಹವನ್ನು 18 ಡಿಗ್ರಿಯವರೆಗೆ ತಂಪು ಮಾಡಿ, ಸ್ವಲ್ಪ ಹೊತ್ತು ರಕ್ತಸಂಚಾರ ನಿಲ್ಲಿಸುತ್ತೇವೆ" ಎಂದರು. ಸಹಿ ಹಾಕಬೇಕಿದ್ದ ಬಾಜಿಯ ಕೈ ನಡುಗಿತು. "ಇದಕ್ಕೂ ಮೌತ್‌ಗೂ ಏನು ವ್ಯತ್ಯಾಸ?" ಎಂದು ಕೇಳಿದರು. ಅರಿವಳಿಕೆಯ ಡಾಕ್ಟರಮ್ಮ ಕುಳಿತು ವಿವರಿಸಿದರು.

ಮೆದುಳು ದೇಹದ ತೂಕದಲ್ಲಿ ಶೇ. 2ರಷ್ಟು ಮಾತ್ರ. ಆದರೆ ಆಮ್ಲಜನಕದಲ್ಲಿ ಸುಮಾರು ಶೇ. 20ರಷ್ಟು ಅದಕ್ಕೇ ಬೇಕು. ಮಾಮೂಲು ಬಿಸಿಯಲ್ಲಿ ರಕ್ತ ನಿಂತರೆ ನಾಲ್ಕೈದು ನಿಮಿಷಗಳಲ್ಲೇ ಅಪಾಯ. 18 ಡಿಗ್ರಿಯಲ್ಲಿ ಅದರ ಹಸಿವು ಬಹಳ ತಗ್ಗುವುದರಿಂದ ಸರ್ಜನ್‌ಗೆ ಸುಮಾರು ಅರ್ಧ ಗಂಟೆ ಸಿಗುತ್ತದೆ. 1952ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಐದು ವರ್ಷದ ಬಾಲಕಿಯ ದೇಹವನ್ನು ತಂಪು ಮಾಡಿಯೇ ಹೃದಯದ ರಂಧ್ರ ಮುಚ್ಚಿದ್ದರು.

ಹಾಗಾದರೆ ಮದ್ದಿನ ಕೆಲಸವೇನು? ನಮ್ಮ ಅರಸೀಕೆರೆಯ ಕೊಬ್ಬರಿ ಮಂಡಿಯನ್ನು ನೆನೆಯಿರಿ. ವ್ಯಾಪಾರ ನಿಂತರೆ ಖರ್ಚು ಉಳಿಯುತ್ತದೆ. ಆದರೂ ಕಾವಲುಗಾರನಿಗೆ ಊಟ ಬೇಕು. ಥಯೋಪೆಂಟಾಲ್‌ನಂಥ ಮದ್ದು ಮೆದುಳಿನ ವ್ಯಾಪಾರವನ್ನು ನಿಲ್ಲಿಸಿ ಆಮ್ಲಜನಕದ ಬಳಕೆಯನ್ನು ಸುಮಾರು ಅರ್ಧಕ್ಕಿಳಿಸುತ್ತದೆ. ಜೀವಕೋಶ ಬದುಕಿರಲು ಬೇಕಾದ ಉಳಿದರ್ಧವನ್ನು ಅದು ತಗ್ಗಿಸಲಾರದು. ತಂಪು ಎರಡನ್ನೂ ತಗ್ಗಿಸುತ್ತದೆ. ಆದ್ದರಿಂದ ಆಳವಾದ ತಂಪಿನಲ್ಲಿ ಮೆದುಳು ಸ್ತಬ್ಧವಾದ ಮೇಲೆ ಮದ್ದಿನಿಂದ ಸಿಗುವ ಹೆಚ್ಚಿನ ಉಳಿತಾಯ ಸ್ವಲ್ಪವೇ. ಆದರೆ ತಂಪಾಗಿಸುವಾಗ ಮತ್ತು ಪುನಃ ಬಿಸಿ ಮಾಡುವಾಗ ಅರಿವಳಿಕೆ ಬೇಕೇ ಬೇಕು. ಮೈ ನಡುಗಿದರೆ ಸ್ನಾಯುಗಳೇ ಆಮ್ಲಜನಕವನ್ನು ನುಂಗಿಬಿಡುತ್ತವೆ. ಅದನ್ನೂ ಮದ್ದಿನಿಂದಲೇ ತಡೆಯುತ್ತಾರೆ.

ಯಾವ ಮದ್ದು, ಎಷ್ಟು ಎಂಬುದು ರೋಗಿಯ ಹೃದಯ, ಪಿತ್ತಕೋಶ, ಮೂತ್ರಪಿಂಡಗಳ ಸ್ಥಿತಿಯನ್ನು ನೋಡಿ ತಜ್ಞರು ತೀರ್ಮಾನಿಸುವ ವಿಷಯ. ಅವರಿಗೆ ಸತ್ಯ ತಿಳಿಸುವುದು ನಮ್ಮ ಪಾಲಿನ ಕೆಲಸ. ಭಾವ ಮುಚ್ಚಿಟ್ಟಿದ್ದ ಜರ್ದಾ ಚಟವನ್ನೂ, ಬೇಲೂರಿನಿಂದ ತರಿಸುತ್ತಿದ್ದ ಪುಡಿಯನ್ನೂ ಬಾಜಿ ನಾಚದೆ ಹೇಳಿದರು. ಆಮೇಲೆ ಬಿಸ್ಮಿಲ್ಲಾಹ್ ಎಂದು ಸಹಿ ಹಾಕಿದರು. ಅಲ್‌ಹಮ್ದುಲಿಲ್ಲಾಹ್, ಭಾವ ಚೇತರಿಸಿಕೊಂಡರು.

ಸಹೋದರಿಯರೇ, ನುಂಗುವ ಮಾತ್ರೆ, ನಾಟಿ ಮದ್ದು, ಹಿಂದಿನ ಅರಿವಳಿಕೆಯಲ್ಲಾದ ತೊಂದರೆ, ಕೊನೆಯ ಸಲ ತಿಂದ ಹೊತ್ತು, ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಲ್ಲಾಹನ ಮೇಲೆ ಭರವಸೆಯಿಡುವವರು ತಮ್ಮ ಪಾಲಿನ ಕೆಲಸವನ್ನು ಬಾಕಿ ಉಳಿಸಬಾರದು.